ಮೂರನೇ ಗೆರೆ

"ಬಟನ್ ಒತ್ತೋಕೆ ಬರುತ್ತಾ ನಿಮಗೆ?"

ಗ್ಯಾರೇಜಿಗೆ ಬಂದ ಗಿರಾಕಿಗೆ ಅವಳಾಡಿದ ಮೊದಲ ಮಾತು ಇದು. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ. ಕಾರಿನ ವೈರು, ಬಲ್ಬು, ಸ್ವಿಚ್ಚು ನೋಡುವ ಕೆಲಸ ಅವಳದು. ಎಲ್ಲರೂ ಕರೆಯುವುದು ಫ್ಯೂಸಕ್ಕ ಎಂದು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅದರ ಮೇಲೆ ಜಂಬ ಬೇರೆ, ಎರಡು ಜನಕ್ಕೆ ಹಂಚಿದರೂ ಉಳಿಯುವಷ್ಟು.

ಎದುರಿಗೆ ನಿಂತಿದ್ದವನು ಮುಖ್ಯರಸ್ತೆಯ ಕನ್ನಡಕದ ಅಂಗಡಿಯವನು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಗಾಜು ಒರೆಸುವ ಮೆತ್ತನೆಯ ಬಟ್ಟೆ. ಅವನ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನ ಕಿಟಕಿ ಇಳಿದದ್ದು ಮೇಲೆ ಬರುತ್ತಿಲ್ಲವಂತೆ.

ಅವಳು ಒಳಗೆ ಕೂತಳು, ಬಾಗಿಲು ಹಾಕಿಕೊಂಡಳು, ಬಟನ್ ಒತ್ತಿದಳು. ಗಾಜು ಸದ್ದಿಲ್ಲದೆ ಮೇಲೇರಿತು.

"ಏನಾಗಿದೆ ಇದಕ್ಕೆ?"

"ಮನೆ ಹತ್ರ ಏರ್ತಾನೇ ಇರ್ಲಿಲ್ಲ..."

"ನಿಮ್ಮ ಬಾಗಿಲಲ್ಲಿ ಲಾಕ್ ಬಟನ್ ಇರುತ್ತೆ. ಅದು ಒತ್ತಿಹೋದ್ರೆ ಆ ಕಡೆ ಸ್ವಿಚ್ ಸತ್ತ ಹಾಗೆ. ಮೊಣಕೈ ತಾಗಿಸಿರ್ತೀರ."

"ಲಾಕ್ ನೋಡ್ದೆ. ಒತ್ತಿರ್ಲಿಲ್ಲ."

"ಕನ್ನಡಕ ಹಾಕ್ಕೊಂಡು ನೋಡಿದ್ರಾ?"

ಅವನು ನಕ್ಕುಬಿಟ್ಟ. ಅವಮಾನ ಮಾಡಿದರೆ ನಗುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. 'ನಗ್ತಾನೆ ನೋಡು, ಪೆದ್ದ...' ಅಂದುಕೊಂಡಳು. ಹೋಗುವ ಮುಂಚೆ ಅವನು ಕಿಟಕಿಯ ಗಾಜನ್ನು ಮುಟ್ಟಿ ನೋಡಿದ, ಎರಡೇ ಬೆರಳಲ್ಲಿ, ಅಂಚಿನಲ್ಲಿ, ಗುರುತು ಬೀಳದ ಹಾಗೆ. ಅದು ಅವಳ ಕಣ್ಣಿಗೆ ಬಿತ್ತು. ಬಿದ್ದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ನಾಲ್ಕನೇ ದಿನಕ್ಕೆ ಅವನು ಮತ್ತೆ ಹಾಜರು. ಅದೇ ಕಿಟಕಿ, ಅದೇ ದೂರು.

ಇಲ್ಲಿ ಗ್ಯಾರೇಜಿನ ಒಂದು ಕಾನೂನು ಹೇಳಬೇಕು. ಮಾಲೀಕ ಅವಳ ದೊಡ್ಡಪ್ಪ, ಗಂಟುಮುಖದ ಮನುಷ್ಯ. ಅವನಿಗೆ ಒಂದು ಸೀಮೆಸುಣ್ಣ, ಒಂದು ಗೋಡೆ, ಅಷ್ಟಿದ್ದರೆ ಸಾಕು, ತಾನೇ ನ್ಯಾಯಾಧೀಶ ಎನ್ನುವ ಠೀವಿ. ಮಾಡಿದ ರಿಪೇರಿ ಅದೇ ದೂರಿಗೆ ವಾಪಸ್ ಬಂದರೆ ಕೆಲಸಗಾರನ ಹೆಸರಿನ ಮುಂದೆ ಒಂದು ಗೆರೆ. ವರ್ಷದಲ್ಲಿ ಮೂರು ಗೆರೆ ಬಿದ್ದರೆ ವರ್ಷದ ಕೊನೆಗೆ ಗೋಡೆ ಒರೆಸುವ ದಿನದವರೆಗೆ ರಿಪೇರಿ ಮೇಜು ಬಿಟ್ಟು, ಮುಂದಿನ ಕೌಂಟರಿನಲ್ಲಿ ಫೋನ್ ಎತ್ತುವ ಕೆಲಸ.

ಅವಳು ಕೂರುತ್ತಿದ್ದದ್ದು ಅಪ್ಪನ ಮೇಜಿನಲ್ಲಿ. ಅಪ್ಪ ತೀರಿಕೊಂಡ ಮೇಲೂ ಅವರ ಮೀಟರು, ಅವರ ಇಕ್ಕಳ ಅಲ್ಲೇ ಇದ್ದವು. ಹುಡುಗಿ ಫೋನ್ ಎತ್ತಿಕೊಂಡಿದ್ದರೆ ಚೆಂದ ಎಂದು ದೊಡ್ಡಪ್ಪ ಮೊದಲಿನಿಂದಲೂ ಅನ್ನುತ್ತಿದ್ದ. ಅವಳ ಹೆಸರಿನ ಮುಂದೆ ಇದುವರೆಗೆ ಒಂದೂ ಗೆರೆ ಇರಲಿಲ್ಲ.

ಅವತ್ತು ಮೊದಲನೆಯದು ಬಿತ್ತು.

ಅವಳು ಹಲ್ಲು ಕಚ್ಚಿಕೊಂಡು ಫ್ಯೂಸ್ ಬದಲಾಯಿಸಿದಳು. ಬಾಗಿಲು ಹಾಕಿಕೊಂಡು ಇಪ್ಪತ್ತು ಸಲ ಗಾಜು ಏರಿಸಿ ಇಳಿಸಿದಳು. ಇಪ್ಪತ್ತು ಸಲವೂ ಅದು ಸಾಧು ಪ್ರಾಣಿಯ ಹಾಗೆ ಏರಿತು, ಇಳಿಯಿತು.

ಹತ್ತು ದಿನ ಕಳೆದ ಮೇಲೆ ಮತ್ತೆ ಅದೇ ಕಾರು, ಅದೇ ಅಂಗಿಯ ಇಸ್ತ್ರಿ. ಕಾರು ಒಳಗೆ ಬರುವಷ್ಟರಲ್ಲಿ ಕಿಟಕಿ ಮತ್ತೆ ಸರಿಯಾಗಿತ್ತು.

ದೊಡ್ಡಪ್ಪ ಗೋಡೆಗೆ ಎರಡನೇ ಗೆರೆ ಎಳೆದು ಗಿರಾಕಿಯ ಕಡೆ ತಿರುಗಿದ. "ನೋಡಿ ಸಾರ್, ನಮ್ಮಲ್ಲಿ ಶಿಸ್ತು ಅಂದ್ರೆ ಶಿಸ್ತು. ಇನ್ನೊಂದ್ಸಲ ಇದೇ ಕಿಟಕಿಗೆ ನೀವು ಬಂದ್ರಿ ಅಂದ್ರೆ, ಇವಳು ಅವರಪ್ಪನ ಮೇಜು ಬಿಟ್ಟು ಫೋನ್ ಮುಂದೆ."

ಕನ್ನಡಕದವನು ಗೋಡೆಯನ್ನೇ ನೋಡುತ್ತಾ ನಿಂತ.

'ಮಜಾ ತಗೋತಿದ್ದಾನೆ...' ಅವಳ ತಲೆ ಕೆಟ್ಟುಹೋಯಿತು. ಸ್ವಿಚ್ ಬಿಚ್ಚಿ ಹೊಸದು ಹಾಕಿ, ಕೈ ಒರೆಸಿಕೊಳ್ಳುತ್ತಾ ಅವನ ಹತ್ತಿರ ಬಂದಳು.

"ಒಂದು ಮಾತು ಕೇಳ್ಲಾ? ಈ ಕಿಟಕಿ ಕೆಡೋದು ನಿಮ್ಮ ಮನೆ ಹತ್ರ ಮಾತ್ರ. ನಾನು ನೋಡುವಾಗ ಕೆಡಲ್ಲ. ಹೆಣ್ಣುಮಗಳು ಕೆಲಸ ಮಾಡೋದನ್ನ ನಿಂತು ನೋಡೋಕೆ ಇದೊಂದು ನೆಪ, ಅಲ್ವಾ?"

ಅವನ ಕಿವಿ ಕೆಂಪಗಾಯಿತು. "ಹಾಗಲ್ಲ..." ಅಂದ. ಮುಂದಕ್ಕೆ ಏನೂ ಹೇಳದೆ ಕಾರು ಹತ್ತಿದ. ಇಂಥ ಮೆತ್ತಗಿನ ಗಂಡಸರಿಗೆ ಬಾಯಿ ಇರುವುದಾದರೂ ಯಾಕೋ ನನಗಂತೂ ಗೊತ್ತಿಲ್ಲ.

ಕೆಂಪಗಾದ ಕಿವಿಯೇ ಸಾಕ್ಷಿ ಎಂದು ಅವಳು ತೀರ್ಮಾನ ಬರೆದುಬಿಟ್ಟಳು. ಆಮೇಲೆ ಮೂರು ವಾರ ಅವನು ಬರಲಿಲ್ಲ. ಬರದೆ ಇದ್ದದ್ದಕ್ಕೆ ಅವಳಿಗೆ ನೆಮ್ಮದಿಯಾಗಬೇಕಿತ್ತು. ಆದರೆ ಯಾವ ಕಾರು ಒಳಗೆ ಬಂದರೂ ಅವಳ ಕತ್ತು ತಾನಾಗಿ ಬಾಗಿಲ ಕಡೆ ತಿರುಗುತ್ತಿತ್ತು. ತಿರುಗಿದ ಕತ್ತಿಗೆ ಅವಳು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ, ಕೆಲಸದ ಚೀಲ ಹೆಗಲಿಗೇರಿಸಿ ಬಿಡಿಭಾಗದ ಅಂಗಡಿಯಿಂದ ನಡೆದು ಬರುತ್ತಿದ್ದಾಗ, ಕನ್ನಡಕದ ಅಂಗಡಿಯ ಮುಂದೆ ಆ ಕಾರು ಕಂಡಿತು. ಡ್ರೈವರ್ ಪಕ್ಕದ ಕಿಟಕಿಗೆ ಗಾಜಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ, ಸುತ್ತಲೂ ಅಂಟುಪಟ್ಟಿ.

ಅವಳ ರಕ್ತ ಕುದಿಯಿತು. 'ಊರೆಲ್ಲ ಮೆರವಣಿಗೆ ಮಾಡಿಸ್ತಿದ್ದಾನೆ. ಫ್ಯೂಸಕ್ಕನ ಕೈಗುಣ ನೋಡಿ ಅಂತ...'

ದಾಪುಗಾಲು ಹಾಕಿ ಹೋದರೆ ಪ್ಲಾಸ್ಟಿಕ್ಕಿನ ಹಿಂದೆ ಒಬ್ಬರು ಅಜ್ಜಿ ಕೂತಿದ್ದರು. ಅಜ್ಜಿ ಅಂಟುಪಟ್ಟಿಯ ಮೂಲೆ ಕಿತ್ತು, ಸಂದಿಯಿಂದ ಅವಳ ಕೈಯ ಗ್ರೀಸನ್ನು ನೋಡಿದರು.

"ನೀನೇನಾ ಫ್ಯೂಸಕ್ಕ? ನಾನು ಇವನ ಅಜ್ಜಿ. ಮೂರು ವಾರದಿಂದ ಹೀಗೇ ಕೂತಿದ್ದೀನಮ್ಮ, ಪೊಟ್ಟಣ ಕಟ್ಟಿದ ಸೊಪ್ಪಿನ ಥರ."

"ಗ್ಯಾರೇಜಿಗೆ ಯಾಕೆ ತರ್ಲಿಲ್ಲ ಅಜ್ಜಿ?"

"ತಂದ್ರೆ ಅದೇನೋ ಮೂರನೇ ಗೆರೆ ಬೀಳುತ್ತಂತೆ. ನಿನ್ನ ಮೇಜು ಹೋಗುತ್ತಂತೆ. ಬೇರೆ ಕಡೆ ತೋರಿಸೋ ಅಂದೆ. ಅಲ್ಲಿ ನಿನ್ನ ಕೆಲಸ ನೋಡಿ ಆಡ್ಕೋತಾರಂತೆ, ಅದೂ ಬೇಡವಂತೆ. ನನ್ನ ಮೊಮ್ಮಗನಿಗೆ ಎಲ್ಲರ ಮರ್ಯಾದೆ ಚಿಂತೆ, ನನ್ನ ನೆಗಡಿ ಒಂದು ಬಿಟ್ಟು."

ಅವಳು ಕಿತ್ತುಬಂದ ಅಂಟುಪಟ್ಟಿಯ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ಅಂಟಿಸಿದಳು.

"ಸ್ವಲ್ಪ ಹಿಡ್ಕೋ, ಇಳೀತೀನಿ. ಈ ಮಂಡಿ ಮಡಚಲ್ಲ."

ಅಜ್ಜಿ ಬಾಗಿಲನ್ನು ಅದು ಹೋಗುವಷ್ಟು ದೂರ ತಳ್ಳಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ, ಮೆಲ್ಲಗೆ ಕಾಲು ಹೊರಗಿಟ್ಟರು. ಕೀಲು ಕಿರ್ರೆಂದಿತು.

ಆ ಸದ್ದಿಗೆ ಅವಳ ಕಣ್ಣು ಕೀಲಿನ ಕಡೆ ಹೊರಳಿತು.

ಬಾಗಿಲು. ಇಪ್ಪತ್ತು ಸಲ ಪರೀಕ್ಷಿಸಿದಾಗಲೂ ಬಾಗಿಲು ಮುಚ್ಚಿಕೊಂಡೇ ಪರೀಕ್ಷಿಸಿದ್ದಳು. ಒಂದು ಸಲವಾದರೂ ಪೂರ್ತಿ ತೆರೆದು ನೋಡಿರಲಿಲ್ಲ. ಅದರಲ್ಲಿ ಯಾರು ಕೂರುತ್ತಾರೆ, ಹೇಗೆ ಇಳಿಯುತ್ತಾರೆ ಎಂದು ಕೇಳಿರಲೂ ಇಲ್ಲ.

ಅಜ್ಜಿಯಿಂದ ಕೀ ಇಸಿದುಕೊಂಡು ತಿರುಗಿಸಿದಳು. ಬಾಗಿಲು ಪೂರ್ತಿ ತೆರೆದಿಟ್ಟು ಬಟನ್ ಒತ್ತಿದಳು. ಚಿಟಿಕೆಯಷ್ಟೂ ಸದ್ದಿಲ್ಲ. ಅರ್ಧ ಮುಚ್ಚಿ, ಅಲುಗಾಡಿಸಿ ಒತ್ತಿದಳು. ಒಳಗಿನ ಮೋಟರ್ ಗುಂಯ್ ಎಂದಿತು.

ಬಾಗಿಲಿಗೂ ಕಾರಿನ ಮೈಗೂ ನಡುವೆ, ಕೀಲಿನ ಹತ್ತಿರ, ವೈರುಗಳನ್ನು ಹೊತ್ತ ರಬ್ಬರಿನ ಕೊಳವೆ ಇರುತ್ತದೆ. ಅದನ್ನು ಹಿಂದಕ್ಕೆ ಸರಿಸಿದಳು. ಒಂದು ವೈರಿನ ಹೊದಿಕೆ ಹೊರಗಿನಿಂದ ನೆಟ್ಟಗಿತ್ತು, ಒಳಗೆ ತಂತಿ ತುಂಡಾಗಿತ್ತು. ಬಾಗಿಲು ತೆರೆದಾಗ ದೂರ ಸರಿಯುತ್ತಿತ್ತು. ಗ್ಯಾರೇಜಿಗೆ ಬರುವ ಹಳ್ಳಬಿದ್ದ ರಸ್ತೆಯಲ್ಲಿ ಕುಲುಕಾಡಿ ಮತ್ತೆ ತಾಗಿಕೊಳ್ಳುತ್ತಿತ್ತು. ಅಪ್ಪ ಮೊದಲು ಕಲಿಸಿದ ಪಾಠವೇ ಅದು: ಗಾಡಿ ಮುಟ್ಟುವ ಮುಂಚೆ ಗಾಡಿಯವರ ಮಾತು ಕೇಳು. ಗಿರಾಕಿಯನ್ನು ಪೆದ್ದ ಎಂದು ಮೊದಲೇ ತೀರ್ಮಾನಿಸಿದವಳಿಗೆ ಕೇಳುವುದಕ್ಕೆ ಪುರುಸೊತ್ತೆಲ್ಲಿ?

"ಸಿಕ್ತಾ?"

ಅವನು ಹಿಂದೆ ಬಂದು ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ.

"ತಪ್ಪು ನಂದೇ. ನೀವು ಹೇಳಿದ್ದೆಲ್ಲ ನಿಜ. ಆವತ್ತು ಏನೇನೋ ಅಂದ್ಬಿಟ್ಟೆ... ಕ್ಷಮಿಸಿ."

"ಎಲ್ಲಾ ತಪ್ಪಲ್ಲ," ಅಂದ ಅವನು. ಕಿವಿ ಮತ್ತೆ ಕೆಂಪಗಾಗಿತ್ತು. "ಕಿಟಕಿ ಕೆಟ್ಟಿದ್ದು ನಿಜ. ನಿಮ್ಮನ್ನ ನೋಡಿದ್ರೆ ಖುಷಿ ಆಗ್ತಿದ್ದಿದ್ದೂ ನಿಜ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಬಾಯಿ ಇತ್ತು ನೋಡಿ ಮಹಾರಾಯನಿಗೆ. ಅಜ್ಜಿ ಬೇಕೆಂದೇ ರಸ್ತೆಯ ಆ ಕಡೆ ನೋಡುತ್ತಾ ನಿಂತರು.

"ಚೀಲದಲ್ಲಿ ಸಾಮಾನು ಇದೆಯಲ್ಲ," ಅವನು ದನಿ ತಗ್ಗಿಸಿದ. "ಇಲ್ಲೇ ಜೋಡಿಸಿಬಿಡಿ. ಯಾರಿಗೂ ಗೊತ್ತಾಗಲ್ಲ. ನಿಮ್ಮ ಅಪ್ಪನ ಮೇಜು ಉಳಿಯುತ್ತೆ."

ಹತ್ತು ನಿಮಿಷದ ಕೆಲಸ. ಅವಳ ಕೈ ಚೀಲದೊಳಗಿನ ಇಕ್ಕಳದ ಮೇಲೇ ಇತ್ತು. ಅಪ್ಪನ ಇಕ್ಕಳ.

'ಯಾರಿಗೂ ಗೊತ್ತಾಗಲ್ಲ... ನನಗೆ?'

"ನಾಳೆ ಬೆಳಿಗ್ಗೆ ಗ್ಯಾರೇಜಿಗೆ ತನ್ನಿ," ಅಂದಳು.

ಮರುದಿನ ಕಾರು ಒಳಗೆ ಬಂದಾಗ ದೊಡ್ಡಪ್ಪ ಸೀಮೆಸುಣ್ಣಕ್ಕೆ ಕೈ ಹಾಕಿದ. ಅಷ್ಟರಲ್ಲಿ ಅವಳೇ ಅದನ್ನು ಎತ್ತಿಕೊಂಡಿದ್ದಳು. ತನ್ನ ಹೆಸರಿನ ಮುಂದೆ ಮೂರನೇ ಗೆರೆ ತಾನೇ ಎಳೆದಳು. ಆಮೇಲೆ ಹೊಸ ವೈರು ಬೆಸೆದು, ಅಜ್ಜಿಯಿಂದಲೇ ಬಾಗಿಲು ತೆಗೆಸಿ, ಹಾಕಿಸಿ, ಗಾಜು ಏರಿಸಿ ತೋರಿಸಿದಳು. ಮೀಟರನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಮುಂದಿನ ಕೌಂಟರಿಗೆ ನಡೆದಳು.

ಇಷ್ಟು ವರ್ಷ ಇದಕ್ಕೇ ಕಾದಿದ್ದ ದೊಡ್ಡಪ್ಪನಿಗೆ ಯಾಕೋ ಖುಷಿಯಾಗಲಿಲ್ಲ. ಖಾಲಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, "ಆ ಮೇಜಿಗೆ ಬೇರೆ ಯಾರನ್ನೂ ಕೂರಿಸಲ್ಲ," ಅಂದ. "ಇನ್ನು ನಾಲ್ಕು ತಿಂಗಳಿಗೆ ಗೋಡೆ ಒರೆಸ್ತೀನಲ್ಲ." ಅದಕ್ಕಿಂತ ಹೆಚ್ಚು ಪ್ರೀತಿ ಆ ಮನುಷ್ಯನಿಂದ ನಿರೀಕ್ಷಿಸಬೇಡಿ.

ಹನ್ನೊಂದು ದಿನ ಅವಳು ಫೋನ್ ಎತ್ತಿದಳು. ಅಪ್ಪನ ಖಾಲಿ ಮೇಜಿನ ಕಡೆ ನೋಡದೆ ಇರುವುದನ್ನು ಕಲಿತಳು. ಹನ್ನೆರಡನೇ ದಿನ ಮಧ್ಯಾಹ್ನ ಫೋನಿನಲ್ಲಿ ಗುರುತಿನ ದನಿ.

"ಡ್ರೈವರ್ ಪಕ್ಕದ ಕಿಟಕಿ ಬಗ್ಗೆ ಮಾತಾಡ್ಬೇಕಿತ್ತು."

ಅವಳ ಜೀವ ಬಾಯಿಗೆ ಬಂತು. "ಮತ್ತೆ ಕೆಟ್ಟಿತಾ?"

"ಇಲ್ಲ. ಅಜ್ಜಿ ದಿನಾ ಬಾಗಿಲು ಪೂರ್ತಿ ತೆಗೆದು ಪರೀಕ್ಷೆ ಮಾಡ್ತಾರೆ. ಕೆಡೋ ಲಕ್ಷಣಾನೇ ಇಲ್ಲ. ಅದೇ ತೊಂದ್ರೆ."

"ಅದರಲ್ಲೇನು ತೊಂದ್ರೆ?"

"ನಿಮ್ಮಲ್ಲಿಗೆ ಬರೋಕೆ ಈಗ ಕಾರಣಾನೇ ಇಲ್ಲ..."

ಅವಳು ಗೋಡೆಯ ಮೇಲಿನ ಮೂರು ಗೆರೆಗಳನ್ನು ನೋಡಿದಳು. ಮೂರನೆಯದು ಸ್ವಲ್ಪ ಸೊಟ್ಟಗಿತ್ತು. ಎಷ್ಟೋ ದಿನದ ಮೇಲೆ ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ಕಾರು ಮನೇಲಿ ಬಿಟ್ಟು ಬನ್ನಿ," ಅಂದಳು. "ನಡ್ಕೊಂಡು ಬಂದೋರಿಗೆ ಇಲ್ಲಿ ಗೆರೆ ಹಾಕಲ್ಲ."