ಇರ್ವಿನನ ಸರದಿ

ನನ್ನ ಹೆಂಡತಿ ವಿನಿಫ್ರೆಡಳ ಮೊದಲ ಗಂಡ ಇರ್ವಿನ್ ವಾಯುಪಡೆಯ ಪೈಲಟ್. ಕಾರ್ಯಾಚರಣೆಗೆ ಹೋದ ವಿಮಾನವೂ ಸಿಗಲಿಲ್ಲ, ಅವನೂ ಸಿಗಲಿಲ್ಲ. ಅವನು ಸತ್ತನೆಂದು ಸರ್ಕಾರವೂ ಚರ್ಚೂ ಒಪ್ಪಿದ ಮೇಲೆಯೇ ನಾವು ಮದುವೆಯಾದದ್ದು. ಅವನ ತಾಯಿ ಡೈಸಿ ಬಾಯಿಯನ್ನು ಬಿಟ್ಟು ಬರಲಾರೆ ಎಂದು ವಿನಿ ಹಟ ಹಿಡಿದಳು. ಹಾಗಾಗಿ ಬಿಕರ್ನಕಟ್ಟೆಯ ಅವನ ಮನೆಯಲ್ಲೇ ಇದ್ದೇವೆ.

ಸಂಜೆಯ ಜಪಸರದಲ್ಲಿ ಐದು ಸುತ್ತು. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಿದರೆ ಉಳಿದವರು ಉಳಿದರ್ಧ ಹೇಳಬೇಕು. ನಾಲ್ಕು ಸುತ್ತು ನಾವು ಸರದಿಯಲ್ಲಿ ನಡೆಸುತ್ತೇವೆ. ಕೊನೆಯದು ಇರ್ವಿನನದು. ಅದರಲ್ಲಿ ಮೊದಲರ್ಧದ ಜಾಗ ಮೌನ. ಆ ಮೌನ ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಆದರೂ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಬಾಯಿ ತೆರೆಯುತ್ತಾರೆ. ನನ್ನ ಸುತ್ತಿನಲ್ಲಿ ಆಕಳಿಸುವ ವಿನಿ ಆಗ ಕತ್ತು ವಾಲಿಸಿ ನಗುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ತಡೆಯಲಾಗದೆ ಆ ಸುತ್ತನ್ನು ನಾನೇ ಜೋರಾಗಿ ಶುರುಮಾಡಿದೆ. ನಾನು ಎರಡು ಪದ ಹೇಳುವಷ್ಟರಲ್ಲಿ ಅವರು ಉತ್ತರ ಹೇಳಿ ಮುಗಿಸಿದರು. ಕೋಣೆ ತಣ್ಣಗಾಗಿತ್ತು, ಫ್ಯಾನ್ ತಿರುಗುತ್ತಿರಲಿಲ್ಲ.

"ಎಂತ ಮಾರಾಯ, ನಿನ್ನ ಸುತ್ತು ಆಯ್ತಲ್ಲ. ಅವನದ್ದೂ ನಿನಗೇ ಬೇಕಾ?" ಎಂದಳು ವಿನಿ.

ನಾನು ಬಿಡಲಿಲ್ಲ. ಇನ್ನೂ ಜೋರಾಗಿ ಹೇಳಿದೆ.

ಎರಡನೇ ಕ್ಲಾಸಿನ ನನ್ನ ಮಗಳು ಶೆರಿಲ್ ನನ್ನ ಮೊಣಕೈ ಜಗ್ಗಿದಳು. "ಪಪ್ಪಾ, ಸ್ವಲ್ಪ ಸುಮ್ಮನಿರಿ. ಇರ್ವಿನ್ ಅಂಕಲ್ ಹೇಳುವುದು ನನಗೆ ಕೇಳುವುದಿಲ್ಲ."

ನಾನು ಸುಮ್ಮನಾದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಮೂವರೂ ಒಂದೇ ಉಸಿರಿಗೆ ಉತ್ತರ ಹೇಳಿದರು.