ತಾಯಿಗಿಡದ ಚೀಟಿ

"ಆ ಚೀಟಿಯ ದಾರ ಕತ್ತರಿಸಬೇಡಿ ಸಾರ್," ಎಂದ ತೋಟಗಾರ. "ಅಜ್ಜಿ ತನ್ನ ಕೂದಲು ಸೇರಿಸಿ ಹೊಸೆದದ್ದು. ಈ ಚೀಟಿಯಿಂದ ತನ್ನ ಹೆಸರು ತೆಗೆದವನನ್ನ ಅವನ ಮನೆಯವರೇ ಮರೀಲಿ ಅಂತ ಶಪಿಸಿ ಕಣ್ಣು ಮುಚ್ಚಿದ್ದಾಳೆ."

ನರ್ಸರಿಗೆ ಬಂದು ಎರಡು ವರ್ಷವೂ ತುಂಬದ ಮುಖ್ಯಸ್ಥ ನಕ್ಕ. "ಕೂದಲಿಗೆ ಹೆದರಿದ್ರೆ ಕ್ಷೌರದಂಗಡಿಗೇ ಹೋಗೋ ಹಾಗಿಲ್ಲ ಬಿಡಯ್ಯಾ."

ಗಾಜಿನ ಮನೆಯ ತುಂಬ ಹಸಿಮಣ್ಣಿನ, ಗೊಬ್ಬರದ ಘಾಟು. ಅದನ್ನೂ ಮೀರಿ ಚೀಟಿ ಕಟ್ಟಿದ್ದ ಗುಲಾಬಿಯ ತಾಯಿಗಿಡದಿಂದ ಹಸುಗೂಸಿನ ನೆತ್ತಿಯ ವಾಸನೆ ಬರುತ್ತಿತ್ತು, ಥೇಟ್ ಅವನ ಪುಟ್ಟ ಮಗಳದ್ದೇ. ಹೂವಿಂದ ಹೂವಿಗೆ ಕುಂಚದಲ್ಲಿ ಪರಾಗ ದಾಟಿಸುತ್ತ, ನರ್ಸರಿಯ ಹಳೆಯ ಕೆಲಸಗಾರ್ತಿಯಾದ ಆ ಅಜ್ಜಿ ಹದಿನೆಂಟು ವರ್ಷ ಸವೆಸಿ ಆ ತಳಿ ಪಡೆದಿದ್ದಳು. ಹೊಸ ತಳಿಯ ಹಕ್ಕಿಗೆ ಅರ್ಜಿ ಹಾಕುವಾಗ ಇವನು ತಳಿ ಬೆಳೆಸಿದವರ ಜಾಗದಲ್ಲಿ ತನ್ನ ಹೆಸರು ಬರೆದ. ತಳಿಗೆ ಮಗಳ ಹೆಸರಿಟ್ಟ. ನನ್ನ ಹೆಸರೊಂದನ್ನಾದರೂ ಬಿಡಪ್ಪಾ ಎಂದು ಮುದುಕಿ ಕೈಮುಗಿದು ಕೇಳಿದ್ದಳು. ಕಲ್ಲಿಗೆ ಹೇಳಿದ್ದರೆ ಅದಾದರೂ ಕರಗುತ್ತಿತ್ತು. ಅದೇ ಕೊರಗಲ್ಲಿ ಸತ್ತಳು.

ಇಂದು ಪ್ರಮಾಣಪತ್ರ ಬಂದಿತ್ತು. ಹದಿನೆಂಟು ವರ್ಷದ ರಕ್ಷಣೆ.

ಕತ್ತರಿ ಆಡಿತು. ಚೀಟಿ ಬಿತ್ತು. ಗಾಳಿಯ ಫ್ಯಾನುಗಳು ನಿಂತವು. ನಡುಹಗಲಲ್ಲೇ ಗಾಜು ಕಪ್ಪಿಟ್ಟಿತು. ನೆತ್ತಿಯ ವಾಸನೆ ಉಸಿರು ಕಟ್ಟುವಷ್ಟು ದಟ್ಟವಾಯಿತು. ಕತ್ತಲಲ್ಲಿ ಏನೋ ಬೆರಳಿಗೆ ಸುತ್ತಿಕೊಂಡಿತು. ಕೊಡವಿದ. ಬಿಗಿಯಿತು. ಮತ್ತೆ ಬೆಳಕಾದಾಗ ಎದುರಿಗಿದ್ದ ತೋಟಗಾರ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಹೊರಗಿನವರಿಗೆ ಇಲ್ಲಿ ಪ್ರವೇಶವಿಲ್ಲ ಎಂದ.

ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ. ಹೆಂಡತಿ ಬಾಗಿಲನ್ನು ಅರ್ಧವಷ್ಟೇ ತೆರೆದಳು. "ಯಾರು ಬೇಕಿತ್ತು?"

ಸೊಂಟದ ಮೇಲಿದ್ದ ಮಗಳತ್ತ ಕೈ ಚಾಚಿದ. ದಿನವೂ ಅವನ ಕತ್ತಿಗೆ ಜೋತುಬೀಳುತ್ತಿದ್ದ ಕೂಸು ಕಿಟಾರನೆ ಕಿರುಚಿ ತಾಯಿಯ ಎದೆಗೆ ಮುಖ ಹುದುಗಿಸಿತು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು. ಅವನು ಹೊಸ್ತಿಲಲ್ಲೇ ಕುಸಿದು ಅತ್ತ.

ಕೊನೆಗೆ ತಳಿ ನೋಂದಣಿ ಕಚೇರಿಗೆ ಹೋಗಿ ಗುಮಾಸ್ತೆಯ ಮುಂದೆ ಗೋಗರೆದ. ಹಕ್ಕು ಬೇಡ, ಎಲ್ಲವನ್ನೂ ಅಜ್ಜಿಯ ಹೆಸರಿಗೇ ಬರೆದುಬಿಡಿ. ಪ್ರಮಾಣಪತ್ರ ಬಿಡಿಸಿ ತೋರಿಸಿದ. ತನ್ನ ಹೆಸರಿದ್ದ ಜಾಗದಲ್ಲಿ ಅಕ್ಷರಗಳೇನೋ ಇದ್ದವು, ಅವನ ಕಣ್ಣಿಗೆ ಮಾತ್ರ ಕೂಡಿಬರಲಿಲ್ಲ.

ಅವಳು ಓದಿಕೊಂಡಳು. "ಬಿಟ್ಟುಕೊಡೋಕೆ ಅಡ್ಡಿಯಿಲ್ಲ. ಆದ್ರೆ ಹಕ್ಕುದಾರರೇ ಬಂದು ಹೆಸರು ಹೇಳಿ ಸಹಿ ಹಾಕ್ಬೇಕು. ಇಲ್ಲಾಂದ್ರೆ ಹದಿನೆಂಟು ವರ್ಷ ಇದು ಹೀಗೇ ಇರುತ್ತೆ. ತಾವು ಯಾರು?"

ಅವನು ಬಾಯಿ ತೆರೆದ. ಹೆಸರು ಬರಲಿಲ್ಲ. ನಾಲಿಗೆಗೆ ಏನೋ ತೊಡರಿತು. ಬೆರಳು ಹಾಕಿ ಎಳೆದ. ಎಳೆದಷ್ಟೂ ಬಂತು, ಉದ್ದನೆಯ ನರೆಗೂದಲು.