ಕಡೆಯ ಸಾಲಿನ ಡಾಕ್ಟರು

ಅವರು ಕಂಪ್ಯೂಟರ್ ಲ್ಯಾಬಿನೊಳಗೆ ಕಾಲಿಟ್ಟದ್ದೇ ತಡ, ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ದಡಬಡ ಎದ್ದು ನಿಂತರು. ಬಂದವರು ಅವರಿಗೆ ಅನಾಟಮಿ ಪಾಠ ಹೇಳುವ ಡಾಕ್ಟರು!

ಮೊದಲ ತರಗತಿಯಲ್ಲೇ ಪಾಠ ಅರ್ಧಕ್ಕೆ ನಿಂತಿತಲ್ಲ ಎಂದು ಕಂಪ್ಯೂಟರ್ ಮೇಡಂಗೆ ರೇಗಿತು.

"ಎಲ್ಲ ಕೂತ್ಕೊಳ್ಳಿ. ಈ ರೂಮಲ್ಲಿ ಎದ್ದು ನಿಲ್ಲೋದಿದ್ರೆ ನನಗೆ ಮಾತ್ರ."

ಹುಡುಗರು ಕೂತರು. ಡಾಕ್ಟರು ಮಾತ್ರ ಕಡೆಯ ಸಾಲಿನ ಖಾಲಿ ಕುರ್ಚಿಯ ಹತ್ತಿರ ಹೋಗಿ, ನೆಟ್ಟಗೆ ನಿಂತೇ ಇದ್ದರು. ತಾವೂ ಕಲಿಯುವುದಕ್ಕೇ ಬಂದದ್ದು ಎಂದರು.

"ಕೂರಲಾ ಮೇಡಂ?"

ಅವಳು ಹೂಂ ಎಂದು ತಲೆಯಾಡಿಸಿದಳು. ಸಿಟ್ಟೆಲ್ಲ ಎಲ್ಲೋ ಇಳಿದುಹೋಯಿತು... ಅಂದಿನಿಂದ ತರಗತಿಗೆ ಹೊರಡುವ ಮುಂಚೆ ಕನ್ನಡಿ ಮುಂದೆ ನಿಲ್ಲುವುದು ಜಾಸ್ತಿಯಾಯಿತು.

ಆದರೆ ಡಾಕ್ಟರ ಪಕ್ಕದಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಮಾತಿಗೆ ಮುಂಚೆ ಸಿಡಿಯುವ ಅವಳನ್ನು ಎಲ್ಲರೂ ಚಿನಕುರಳಿ ಎನ್ನುತ್ತಿದ್ದರು. ಏನೇ ಸಂಶಯ ಬಂದರೂ ಡಾಕ್ಟರು ಅವಳತ್ತಲೇ ಬಾಗುವುದು. ಅವಳು ಪಿಸುಗುಟ್ಟುವುದು. ಇಬ್ಬರೂ ಕಿಸಕ್ಕೆನ್ನುವುದು.

ಗಂಟಲು ಹರಿದುಕೊಳ್ಳುವವಳು ನಾನು... ಕೇಳುವುದು ಮಾತ್ರ ಅವಳನ್ನಾ?

ಮೇಡಂ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಒಂದು ದಿನ ತಡೆಯಲಾಗಲಿಲ್ಲ. ಡಾಕ್ಟರನ್ನೇ ಮುಂದಕ್ಕೆ ಕರೆದು, ದೊಡ್ಡ ಪರದೆಯ ಮೇಲಿದ್ದ ರೋಗಿಗಳ ಪಟ್ಟಿಯನ್ನು ರಕ್ತದ ಸಕ್ಕರೆಯ ಪ್ರಕಾರ ಜೋಡಿಸಲು ಹೇಳಿದಳು. ಅವರು ಸಕ್ಕರೆಯ ಕಾಲಂ ಒಂದನ್ನೇ ಹಿಡಿದು ಜೋಡಿಸಿಬಿಟ್ಟರು. ಹೆಸರುಗಳು ಇದ್ದಲ್ಲೇ ಉಳಿದವು, ಒಬ್ಬರ ಸಕ್ಕರೆ ಇನ್ನೊಬ್ಬರ ಪಾಲಾಯಿತು. ಒಂದೇ ಕ್ಲಿಕ್ಕಿಗೆ ಎಳೆಮಗುವಿಗೂ ಸಕ್ಕರೆ ಕಾಯಿಲೆ ಬಂತೆಂದು ಯಾರೋ ಅಂದದ್ದಕ್ಕೆ ತರಗತಿಯೇ ಬಿದ್ದು ಬಿದ್ದು ನಕ್ಕಿತು.

"ಪಕ್ಕದವರ ಮೇಲೆ ಗಮನ ಇದ್ರೆ ಹೀಗೇ ಆಗೋದು," ಎಂದಳು ಮೇಡಂ.

ಡಾಕ್ಟರ ಮುಖ ಕಪ್ಪಿಟ್ಟಿತು. ಮತ್ತೆ ಅವರು ಲ್ಯಾಬಿನ ಕಡೆ ತಲೆ ಹಾಕಲಿಲ್ಲ.

ಗೆದ್ದೆನೆಂದುಕೊಂಡವಳಿಗೆ ಆ ಖಾಲಿ ಕುರ್ಚಿ ನೋಡಿ ನೋಡಿ ಊಟ ಸೇರದಾಯಿತು. ಕೈಯಾರೆ ಕಳೆದುಕೊಂಡೆನಾ...

ಕಡೆಗೆ ಧೈರ್ಯ ಮಾಡಿ, ಅವರು ಶವ ಕೊಯ್ದು ಪಾಠ ಹೇಳುವ ಕೋಣೆಗೇ ಹೋದಳು. ವಿದ್ಯಾರ್ಥಿಗಳೆಲ್ಲ ಹೊರಟುಹೋಗಿದ್ದರು. ಮೇಜುಗಳಿಗೆ ಬಿಳಿ ಬಟ್ಟೆ ಹೊದಿಸಿತ್ತು. ಕೈ ತೊಳೆಯುತ್ತಿದ್ದ ಡಾಕ್ಟರು ಅವಳನ್ನು ಕಂಡು ಗಾಬರಿಯಿಂದ ಸ್ಟೂಲು ಎಳೆದು ಕೂರಿಸಿದರು.

"ಹೊಸಬರಿಗೆ ಈ ಔಷಧದ ವಾಸನೆಗೆ ಕಣ್ಣಲ್ಲಿ ನೀರು ಬರುತ್ತೆ. ಹೊರಗೆ ಹೋಗೋಣ ಬನ್ನಿ."

"ವಾಸನೆಗಲ್ಲ," ಎಂದಳು. "ಅವತ್ತು ಬೇಕಂತಲೇ ಕರೆದೆ ನಿಮ್ಮನ್ನ. ಯಾವಾಗ್ಲೂ ಅವಳನ್ನ ಕೇಳ್ತಿದ್ರಿ, ನನ್ನನ್ನ ಒಂದ್ಸಲಾನೂ ಕೇಳಲಿಲ್ಲ. ಹೊಟ್ಟೆ ಉರೀತು."

ಡಾಕ್ಟರು ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತರು.

"ಅವಳ ಮುಂದೆ ದಡ್ಡ ಅನ್ನಿಸ್ಕೊಂಡ್ರೆ ನನಗೇನೂ ಇಲ್ಲ. ನಿಮ್ಮ ಮುಂದೆ ಅನ್ನಿಸ್ಕೊಳ್ಳೋಕೆ ಆಗ್ತಿರಲಿಲ್ಲ."

"ಯಾಕೆ?"

"ನೀವಂದ್ರೆ ಇಷ್ಟ. ಅದಕ್ಕೆ."

ಇಷ್ಟು ದಿನ ಉರಿದ ಹೊಟ್ಟೆಗೆ ತಣ್ಣೀರು ಬಿದ್ದಂತಾಯಿತು. ಡಾಕ್ಟರು ಈಗ ಕೈ ಒರೆಸಿಕೊಂಡರು.

"ನಾಳೆ ಕ್ಲಾಸಿಗೆ ಬರಲಾ?"

"ಬೇಡ. ಕ್ಲಾಸು ಮುಗಿದ ಮೇಲೆ ಬನ್ನಿ. ಆಗ ನಿಮ್ಮ ಪಕ್ಕ ನಾನೇ ಕೂರ್ತೀನಿ."

"ಚಿನಕುರಳಿ ಕೇಳಿದ್ರೆ ಏನನ್ನಲಿ?"

"ಇನ್ನೊಂದ್ಸಲ ಅವಳ ಹೆಸರೆತ್ತಿದ್ರೆ ಎದ್ದು ಹೋಗ್ತೀನಿ."

ಅಂದಳಷ್ಟೇ... ಹೋಗಲಿಲ್ಲ.